ಆಫ್ರಿಕಾದೊಳಗಿನ ವಲಸೆಯ ಬಗ್ಗೆ ಹಲವರು ಸೇರಿ ಬರೆದ ಸಂಶೋಧನಾ ವರದಿ: ಎಡಿಟ್ ಮಾಡುವವರಿಗೆ ಸಮಗ್ರ ಮಾರ್ಗದರ್ಶಿ

ನಾಲ್ಕೈದು ದೇಶಗಳ ತಂಡಗಳು ಸೇರಿ ಬರೆದ ವರದಿಯನ್ನು ಎಡಿಟ್ ಮಾಡಲು ಕೂತವರು ಎಡವುವುದು ಒಂದೇ ಕಡೆ. ಮೊದಲ ಅಧ್ಯಾಯ ತೆರೆದ ಕೂಡಲೇ ವಾಕ್ಯ ತಿದ್ದಲು ಶುರು ಮಾಡುತ್ತಾರೆ. ಮೂರನೇ ಅಧ್ಯಾಯಕ್ಕೆ ಬರುವ ಹೊತ್ತಿಗೆ ಸಮಸ್ಯೆ ಕಾಣುತ್ತದೆ. ಸೆನೆಗಲ್‌ನ ಡಾಕರ್ ತಂಡ ವಲಸಿಗರೆಂದು ಎಣಿಸಿದ ಜನರನ್ನು ನೈರೋಬಿ ತಂಡ ಲೆಕ್ಕಕ್ಕೇ ತೆಗೆದುಕೊಂಡಿಲ್ಲ. ಒಬ್ಬರ 'ಪೂರ್ವ ಆಫ್ರಿಕಾ'ದಲ್ಲಿ ಜಿಂಬಾಬ್ವೆ ಇದೆ, ಇನ್ನೊಬ್ಬರದರಲ್ಲಿ ಇಲ್ಲ. ಅಷ್ಟರಲ್ಲಿ ನೂರಾರು ವಾಕ್ಯ ತಿದ್ದಿಯಾಗಿರುತ್ತದೆ. ಅಧ್ಯಾಯ ಲೇಖಕರ ಕೈಗೆ ವಾಪಸ್ ಹೋಗಿ ಹೊಸದಾಗಿ ಬರೆದು ಬಂದಾಗ ಆ ಕೆಲಸವೆಲ್ಲ ಮಣ್ಣುಪಾಲು.

ಬೆಂಗಳೂರಿನಲ್ಲಿ ಕೂತು ಹೊರದೇಶಗಳ ಸಂಶೋಧನಾ ಬರಹ ತಿದ್ದುವವರು ಸಾಕಷ್ಟು ಜನ ಇದ್ದಾರೆ. ಇಂಥ ತಂಡಗಳಿಗೆ ಸೇರಿ, ಎಡಿಟಿಂಗ್ ಹೊಣೆ ಹೆಗಲಿಗೆ ಬಿದ್ದ ಪಿಎಚ್‌ಡಿ ವಿದ್ಯಾರ್ಥಿಗಳೂ ಇದ್ದಾರೆ. ಈ ಬರಹ ಇಬ್ಬರಿಗೂ. ನಾನು ಹೇಳುವುದು ಮುಖ್ಯವಾಗಿ ಕ್ರಮದ ಬಗ್ಗೆ. ಮೊದಲು ಯಾರನ್ನು ಎಣಿಸಿದ್ದಾರೆ ಎಂಬುದು, ಆಮೇಲೆ ದೇಶಗಳ ಪಟ್ಟಿ, ಆಮೇಲೆ ಅಂಕಿ, ಕಾನೂನು, ಮಾತಾಡಿದ ಜನರ ಸುರಕ್ಷತೆ. ಭಾಷೆ ತಿದ್ದುವುದು ಇಷ್ಟೆಲ್ಲ ಮುಗಿದ ಮೇಲೆ.

## ಕೂರುವ ಮೊದಲು ಕೈಯಲ್ಲಿರಬೇಕಾದ್ದು

ದುಬಾರಿ ಸಾಫ್ಟ್‌ವೇರ್ ಏನೂ ಬೇಡ. ತಿದ್ದುಪಡಿ ತೋರಿಸುವ ಟ್ರ್ಯಾಕ್ ಚೇಂಜಸ್ ಸೌಲಭ್ಯ ಇರುವ ವರ್ಡ್ ಪ್ರೊಸೆಸರ್, ಒಂದು ಸ್ಪ್ರೆಡ್‌ಶೀಟ್, ಝೊಟೇರೊದಂಥ ಉಲ್ಲೇಖ ನಿರ್ವಹಣೆಯ ತಂತ್ರಾಂಶ, ಎಲ್ಲರೂ ತೆರೆಯಬಹುದಾದ ಒಂದು ಫೋಲ್ಡರ್. ಇಷ್ಟು ಸಾಕು.

ಜೊತೆಗೆ ಮೂರು ಖಾಲಿ ಕಡತ ಮಾಡಿಟ್ಟುಕೊಳ್ಳಿ: ಸ್ಟೈಲ್ ಶೀಟ್ (ಯಾವ ಪದ, ಹೆಸರು, ವ್ಯಾಖ್ಯೆ ಬಳಸಬೇಕು ಎಂಬ ತೀರ್ಮಾನಗಳ ಪಟ್ಟಿ), ಅಂಕಿಗಳ ಖಾತೆ, ಲೇಖಕರಿಗೆ ಕೇಳಬೇಕಾದ ಪ್ರಶ್ನೆಗಳ ಪಟ್ಟಿ. ಇಡೀ ಕೆಲಸ ಈ ಮೂರರ ಮೇಲೇ ನಡೆಯುತ್ತದೆ.

ಕಡತದ ತೂಕದ ಕಡೆಗೂ ಗಮನ ಇರಲಿ. ದೊಡ್ಡ ಫೋಟೋ ತುಂಬಿದ ಫೈಲನ್ನು ಮೊಬೈಲ್ ಡೇಟಾದಲ್ಲಿ ಇಳಿಸಿಕೊಳ್ಳುವ ಸಹಲೇಖಕರು ತಂಡದಲ್ಲಿ ಇದ್ದೇ ಇರುತ್ತಾರೆ. ಪಠ್ಯ ಒಂದು ಕಡೆ, ಚಿತ್ರ ಇನ್ನೊಂದು ಕಡೆ ಇರಲಿ.

## ಹಂತ 1: ಕೈ ಕಟ್ಟಿಕೊಂಡು ಒಮ್ಮೆ ಪೂರ್ತಿ ಓದಿ

ಎಲ್ಲ ಅಧ್ಯಾಯಗಳನ್ನೂ ಮೊದಲಿಂದ ಕೊನೆವರೆಗೆ ಓದಿ. ಒಂದು ಅಲ್ಪವಿರಾಮವನ್ನೂ ಮುಟ್ಟಬೇಡಿ. ಓದುವಾಗ ಪ್ರತಿ ಅಧ್ಯಾಯಕ್ಕೆ ನಾಲ್ಕು ಸಾಲು ಬರೆದುಕೊಳ್ಳಿ: ಇದು ಯಾರ ಬಗ್ಗೆ, ಯಾವ ಊರುಗಳ ನಡುವಿನ ಓಡಾಟ, ಯಾವ ವರ್ಷಗಳ ಮಾಹಿತಿ, ಕೊನೆಗೆ ಏನು ಹೇಳುತ್ತದೆ.

ಈ ಸಾಲುಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಬುರ್ಕಿನಾ ಫಾಸೊದಿಂದ ಐವರಿ ಕೋಸ್ಟಿನ ಕೋಕೋ ತೋಟಗಳಿಗೆ ಹೋಗುವವರ ಅಧ್ಯಾಯ ಹತ್ತಾರು ವರ್ಷಗಳ ಕಥೆ ಹೇಳುತ್ತಿರಬಹುದು. ಇಥಿಯೋಪಿಯಾದಿಂದ ಕೀನ್ಯಾ, ತಾಂಜಾನಿಯಾ ದಾಟಿ ದಕ್ಷಿಣ ಆಫ್ರಿಕಾ ಕಡೆ ಹೋಗುವವರ ಅಧ್ಯಾಯ ಎರಡೇ ವರ್ಷದ್ದಿರಬಹುದು. ಎರಡೂ ಸರಿಯೇ. ಆದರೆ ಮುನ್ನುಡಿ ಎರಡನ್ನೂ ಒಂದೇ ತಕ್ಕಡಿಯಲ್ಲಿ ಹಾಕಿ ಹೋಲಿಸಿದ್ದರೆ ಅಲ್ಲಿ ರಿಪೇರಿ ಬೇಕು.

ಅಪಾಯದ ಗುರುತು: ಒಂದು ಅಧ್ಯಾಯದ ನಾಲ್ಕು ಸಾಲು ಬರೆಯಲು ನಿಮಗೆ ಆಗುತ್ತಿಲ್ಲ ಅಂದರೆ ಆ ಅಧ್ಯಾಯ ಇನ್ನೂ ಎಡಿಟಿಂಗ್‌ಗೆ ಸಿದ್ಧವಾಗಿಲ್ಲ. ಭಾಷೆ ತಿದ್ದಿ ಅದನ್ನು ಉಳಿಸಲು ಹೋಗಬೇಡಿ. ಲೇಖಕರಿಗೆ ವಾಪಸ್ ಕಳಿಸಿ.

## ಹಂತ 2: ಯಾರು ಏನು ತೀರ್ಮಾನಿಸುತ್ತಾರೆ ಅಂತ ಬರೆದಿಡಿ

ಒಂದು ಪುಟದ ಒಪ್ಪಂದ ಮಾಡಿಕೊಳ್ಳಿ. ಮೂಲ ಕಡತ ಒಂದೇ, ಅದು ಯಾರ ಬಳಿ ಇರುತ್ತದೆ? ಎರಡು ತಂಡಗಳ ನಡುವೆ ಅಂಕಿಯ ಜಗಳ ಬಂದರೆ ಕೊನೆಯ ಮಾತು ಯಾರದು? ಉತ್ತರಕ್ಕೆ ಎಷ್ಟು ದಿನ ಕಾಯಬೇಕು? 'ಅಂತಿಮ', 'ಅಂತಿಮ ಹೊಸದು', 'ಇದೇ ಅಂತಿಮ' ಅಂತ ಹೆಸರಿಟ್ಟ ಕಡತಗಳು ಓಡಾಡಲು ಶುರುವಾದರೆ ಕೆಲಸ ಕೆಟ್ಟಿತು ಅಂತಲೇ ತಿಳಿಯಿರಿ. ಕಡತದ ಹೆಸರಿನಲ್ಲಿ ತಾರೀಖು ಮತ್ತು ತಿದ್ದಿದವರ ಗುರುತು ಇರಲಿ.

ಮೀಟಿಂಗ್ ಸಮಯಕ್ಕೆ ಒಂದು ಸುಲಭ ಲೆಕ್ಕ ಇದೆ. ನಮ್ಮ ಮಧ್ಯಾಹ್ನ 3.30ಕ್ಕೆ ಡಾಕರ್‌ನಲ್ಲಿ ಬೆಳಿಗ್ಗೆ 10, ಲಾಗೋಸ್‌ನಲ್ಲಿ 11, ಜೋಹಾನ್ಸ್‌ಬರ್ಗ್‌ನಲ್ಲಿ 12, ನೈರೋಬಿಯಲ್ಲಿ 1 ಗಂಟೆ. ಎಲ್ಲರಿಗೂ ಹಗಲು. ಶುಕ್ರವಾರ ಮಾತ್ರ ಬೇಡ. ಪಶ್ಚಿಮ ಆಫ್ರಿಕಾದ ಮುಸ್ಲಿಂ ಬಹುಸಂಖ್ಯಾತ ದೇಶಗಳಲ್ಲಿ ಅದು ಜುಮ್ಮಾ ನಮಾಜಿನ ದಿನ. ಮಾತು ಸ್ವಲ್ಪ ಎಳೆದರೂ ಅಡಚಣೆ.

ಹೆಸರು ಹಾಕುವ ವಿಚಾರವೂ ಇದೇ ಪುಟದಲ್ಲಿ ತೀರ್ಮಾನವಾಗಲಿ. ಗಡಿ ಊರಲ್ಲಿ ಬಿಸಿಲಲ್ಲಿ ನಿಂತು ಪ್ರಶ್ನಾವಳಿ ತುಂಬಿಸಿದವರು, ಪಶ್ಚಿಮ ಆಫ್ರಿಕಾದ ಹೌಸಾ ಭಾಷೆಯಿಂದ ಫ್ರೆಂಚಿಗೆ ಮಾತು ತಂದ ದುಭಾಷಿಗಳು ಲೇಖಕರ ಸಾಲಿಗೆ ಬರಬೇಕೋ ಬೇಡವೋ ಅಂತ ಕೊನೆಯ ವಾರ ಕೇಳಿದರೆ ಉತ್ತರ ಯಾವಾಗಲೂ 'ಬೇಡ' ಅಂತಲೇ ಬರುತ್ತದೆ. ಈಗಲೇ ಕೇಳಿ. ಯಾರು ಏನು ಕೆಲಸ ಮಾಡಿದರು ಅಂತ 14 ಬಗೆಯಾಗಿ ಗುರುತಿಸುವ 'ಕ್ರೆಡಿಟ್' ಎಂಬ ಪದ್ಧತಿ ಪ್ರಕಾಶನದಲ್ಲಿ ಚಾಲ್ತಿಯಲ್ಲಿದೆ. ಅದನ್ನು ಬಳಸಿ. ಮಾಹಿತಿ ಸಂಗ್ರಹಿಸಿದವರಿಗೆ ಅದರಲ್ಲಿ ತಮ್ಮದೇ ಜಾಗ ಇದೆ.

## ಹಂತ 3: ಯಾರನ್ನು ಎಣಿಸಿದ್ದಾರೆ ಅಂತ ಖಚಿತ ಮಾಡಿಕೊಳ್ಳಿ

ಸ್ಟೈಲ್ ಶೀಟಿನ ಮೊದಲ ಪುಟ ಇದಕ್ಕೇ ಮೀಸಲು. ಕನಿಷ್ಠ ಇಷ್ಟು ಗುಂಪುಗಳನ್ನು ಬೇರೆಬೇರೆಯಾಗಿ ಬರೆದುಕೊಳ್ಳಿ: ಬೇರೆ ದೇಶದಲ್ಲಿ ನೆಲೆಸಿದ ವಲಸಿಗರು, ನಿರಾಶ್ರಿತರು, ಆಶ್ರಯಕ್ಕೆ ಅರ್ಜಿ ಹಾಕಿ ಕಾಯುತ್ತಿರುವವರು, ಸ್ವಂತ ದೇಶದೊಳಗೇ ಮನೆ ಬಿಟ್ಟವರು, ಮರಳಿ ಬಂದವರು, ಋತುವಿಗೆ ತಕ್ಕಂತೆ ಹೋಗಿ ಬರುವ ಕೂಲಿಗಳು, ದನಗಾಹಿಗಳು, ದಿನವೂ ಗಡಿ ದಾಟುವ ವ್ಯಾಪಾರಿಗಳು.

ನಮ್ಮ ರಾಯಚೂರು, ಕಲಬುರಗಿ ಕಡೆ ಗುಳೆ ಹೋಗುವವರು ಜನಗಣತಿಯಲ್ಲಿ ಸರಿಯಾಗಿ ಸಿಗುವುದಿಲ್ಲ, ಅಲ್ವಾ? ಸಹಾರಾ ಮರುಭೂಮಿಯ ದಕ್ಷಿಣ ಅಂಚಿನ ಸಾಹೆಲ್ ಪ್ರದೇಶದಲ್ಲೂ ಹಾಗೇ. ಮಳೆಗಾಲದ ಬೆಳೆ ಮುಗಿದ ಮೇಲೆ ದಕ್ಷಿಣಕ್ಕೆ ಹೋಗಿ, ಮುಂದಿನ ಬಿತ್ತನೆಗೆ ವಾಪಸ್ ಬರುವವರು, ಕನಿಷ್ಠ 12 ತಿಂಗಳು ವಾಸವಿದ್ದವರನ್ನಷ್ಟೇ ವಲಸಿಗರೆಂದು ಎಣಿಸುವ ಅಳತೆಗೆ ಸಿಗುವುದೇ ಇಲ್ಲ. ಕೀನ್ಯಾ ಮತ್ತು ಉಗಾಂಡಾ ನಡುವಿನ ಬುಸಿಯಾ ಗಡಿಯಲ್ಲಿ ಬೆಳಿಗ್ಗೆ ದಾಟಿ ಸಂಜೆ ಮರಳುವ ವ್ಯಾಪಾರಿ ಯಾವ ವ್ಯಾಖ್ಯೆಯಲ್ಲೂ ವಲಸಿಗಳಲ್ಲ. ಅಧ್ಯಾಯ ಅವಳ ಬಗ್ಗೆ ಮಾತಾಡಬಾರದು ಅಂತಲ್ಲ. ಅವಳನ್ನು ವಲಸಿಗರ ಮೊತ್ತಕ್ಕೆ ಸೇರಿಸಬಾರದು, ಅಷ್ಟೇ.

ಎರಡು ಕಡೆ ವಿಶೇಷವಾಗಿ ನಿಂತು ನೋಡಿ.

ಒಂದು, ಹುಟ್ಟಿದ ದೇಶದ ಲೆಕ್ಕವೋ, ಪೌರತ್ವದ ಲೆಕ್ಕವೋ? ಐವರಿ ಕೋಸ್ಟಿನಲ್ಲೇ ಹುಟ್ಟಿ ಬೆಳೆದು, ತಂದೆತಾಯಿ ಬುರ್ಕಿನಾದವರಾದ್ದರಿಂದ ಅಲ್ಲಿನ ಪೌರತ್ವ ಇಲ್ಲದ ಜನ ತುಂಬಾ ಇದ್ದಾರೆ. ಅಲ್ಲಿ ಪೌರತ್ವ ಬರುವುದು ಹುಟ್ಟಿದ ನೆಲದಿಂದಲ್ಲ, ತಂದೆತಾಯಿಯಿಂದ. ಹುಟ್ಟಿದ ದೇಶದ ಲೆಕ್ಕದಲ್ಲಿ ಇವರು ವಲಸಿಗರಲ್ಲ. ಪೌರತ್ವದ ಲೆಕ್ಕದಲ್ಲಿ ಹೊರಗಿನವರು. ಎರಡು ಅಧ್ಯಾಯ ಎರಡು ಲೆಕ್ಕ ಬಳಸಿದರೆ ಲಕ್ಷಾಂತರ ಜನ ಒಂದರಲ್ಲಿ ಇದ್ದು ಇನ್ನೊಂದರಲ್ಲಿ ಮಾಯವಾಗುತ್ತಾರೆ.

ಎರಡು, ಒಂದೇ ದಾರಿಯಲ್ಲಿ ಬಂದವರೆಲ್ಲ ಒಂದೇ ಗುಂಪಿನವರಲ್ಲ. 2023ರ ಏಪ್ರಿಲ್ 15ರಂದು ಸುಡಾನಿನಲ್ಲಿ ಯುದ್ಧ ಶುರುವಾದ ಮೇಲೆ ಜೋಡಾ ಗಡಿ ದಾಟಿ ದಕ್ಷಿಣ ಸುಡಾನಿನ ರೆಂಕ್ ಪಟ್ಟಣಕ್ಕೆ ಬಂದವರನ್ನೇ ನೋಡಿ. ಅವರಲ್ಲಿ ಸುಡಾನಿನವರು ನಿರಾಶ್ರಿತರು. ಆದರೆ ದೊಡ್ಡ ಪಾಲು, ಹಿಂದೆ ದಕ್ಷಿಣ ಸುಡಾನಿನಿಂದ ಓಡಿ ಹೋಗಿ ಸುಡಾನಿನಲ್ಲಿ ನಿರಾಶ್ರಿತರಾಗಿದ್ದು ಈಗ ಸ್ವಂತ ದೇಶಕ್ಕೆ ಮರಳಿದವರು. ಅಧ್ಯಾಯ ಎಲ್ಲರನ್ನೂ ಸುಮ್ನೆ 'ನಿರಾಶ್ರಿತರು' ಅಂದಿದ್ದರೆ ಅಲ್ಲಿ ಪ್ರಶ್ನೆ ಹಾಕಿ.

## ಹಂತ 4: ದೇಶಗಳ ಗುಂಪನ್ನು ಒಂದೇ ಪಟ್ಟಿಗೆ ತನ್ನಿ

ಈ ಹಂತ ಬಿಟ್ಟುಬಿಡುವವರೇ ಜಾಸ್ತಿ. ವರದಿ ಅಚ್ಚಾದ ಮೇಲೆ ಓದುಗರು ಮೊದಲು ಹಿಡಿಯುವ ತಪ್ಪೂ ಇಲ್ಲೇ ಇರುತ್ತದೆ.

ಆಫ್ರಿಕಾವನ್ನು ವಲಯಗಳಾಗಿ ವಿಂಗಡಿಸುವಾಗ ವಿಶ್ವಸಂಸ್ಥೆಯ ಅಂಕಿಅಂಶ ವಿಭಾಗ ಮತ್ತು ಖಂಡದ ದೇಶಗಳ ಒಕ್ಕೂಟವಾದ ಆಫ್ರಿಕನ್ ಯೂನಿಯನ್ ಬೇರೆಬೇರೆ ಪಟ್ಟಿ ಬಳಸುತ್ತವೆ. ಸುಡಾನ್ ವಿಶ್ವಸಂಸ್ಥೆಯ ಪಟ್ಟಿಯಲ್ಲಿ ಉತ್ತರ ಆಫ್ರಿಕಾ, ಯೂನಿಯನ್ ಪಟ್ಟಿಯಲ್ಲಿ ಪೂರ್ವ. ಮಾರಿಟೇನಿಯಾ ಅಲ್ಲಿ ಪಶ್ಚಿಮ, ಇಲ್ಲಿ ಉತ್ತರ. ಜಿಂಬಾಬ್ವೆ, ಜಾಂಬಿಯಾ, ಮಲಾವಿ, ಮೊಜಾಂಬಿಕ್ ಅಲ್ಲಿ ಪೂರ್ವ, ಇಲ್ಲಿ ದಕ್ಷಿಣ. ಅಂಗೋಲಾ ಅಲ್ಲಿ ಮಧ್ಯ, ಇಲ್ಲಿ ದಕ್ಷಿಣ. ಬುರುಂಡಿ ಅಲ್ಲಿ ಪೂರ್ವ, ಇಲ್ಲಿ ಮಧ್ಯ.

ಇದರ ಪರಿಣಾಮ ಚಿಕ್ಕದಲ್ಲ. ಜಿಂಬಾಬ್ವೆಯಿಂದ ದಕ್ಷಿಣ ಆಫ್ರಿಕಾಕ್ಕೆ ಹೋಗುವುದು ಖಂಡದ ದೊಡ್ಡ ವಲಸೆ ದಾರಿಗಳಲ್ಲಿ ಒಂದು. ಯೂನಿಯನ್ ಪಟ್ಟಿ ಹಿಡಿದರೆ ಅದು ವಲಯದೊಳಗಿನ ವಲಸೆ. ವಿಶ್ವಸಂಸ್ಥೆಯ ಪಟ್ಟಿ ಹಿಡಿದರೆ ಎರಡು ವಲಯಗಳ ನಡುವಿನದು. ಹೀಗಾಗಿ 'ವಲಸೆಯ ಬಹುಪಾಲು ವಲಯದೊಳಗೇ ಆಗುತ್ತದೆ' ಎಂಬ ವಾಕ್ಯ ಯಾವ ಪಟ್ಟಿಯ ಆಧಾರದ್ದು ಅಂತ ಕೇಳದೆ ಬಿಡಬೇಡಿ.

ಒಟ್ಟು ದೇಶಗಳ ಸಂಖ್ಯೆಯಲ್ಲೂ ಇದೇ ತೊಡಕು. ಯೂನಿಯನ್ನಿನ ಸದಸ್ಯರು 55. ವಿಶ್ವಸಂಸ್ಥೆಯಲ್ಲಿರುವ ಆಫ್ರಿಕನ್ ದೇಶಗಳು 54. ವ್ಯತ್ಯಾಸ ಪಶ್ಚಿಮ ಸಹಾರಾ ತನ್ನದೆನ್ನುವ ಸಹರಾವಿ ಗಣರಾಜ್ಯದ್ದು. ಮೊರಾಕ್ಕೊ ಅದನ್ನು ಒಪ್ಪುವುದಿಲ್ಲ. ಹಾಗಂತ 2017ರಿಂದ ಎರಡೂ ಒಂದೇ ಯೂನಿಯನ್ನಿನ ಸದಸ್ಯರು. ಇದರಲ್ಲಿ ನೀವು ತೀರ್ಪು ಕೊಡಬೇಕಿಲ್ಲ. ವರದಿ ಯಾವ ಪಟ್ಟಿ ಅನುಸರಿಸಿದೆ ಅಂತ ಒಂದು ಸಾಲಿನಲ್ಲಿ ಹೇಳಿ, ನಕ್ಷೆಯಲ್ಲೂ ಅದನ್ನೇ ಪಾಲಿಸಿ. ಪಶ್ಚಿಮ ಸಹಾರಾ, ಸುಡಾನ್ ಮತ್ತು ದಕ್ಷಿಣ ಸುಡಾನ್ ನಡುವಿನ ಅಬಿಯೆ, ಈಜಿಪ್ಟ್ ಮತ್ತು ಸುಡಾನ್ ನಡುವಿನ ಹಲಾಯಿಬ್ ಕಡೆ ಚುಕ್ಕಿ ಗೆರೆ ಹಾಕಿದ್ದಾರಾ ನೋಡಿ.

ಹೆಸರುಗಳಿಗೆ ಒಂದು ಎಚ್ಚರಿಕೆ. ಇಂಗ್ಲಿಷ್ ಕರಡಿನಲ್ಲಿ ನೈಜರ್ ದೇಶದವರನ್ನೂ ನೈಜೀರಿಯಾ ದೇಶದವರನ್ನೂ ಬೇರೆ ಮಾಡುವುದು ಒಂದೇ ಅಕ್ಷರ. ಸ್ಪೆಲ್‌ಚೆಕ್ ಮೊದಲನೆಯದನ್ನು ತಪ್ಪೆಂದು ಗುರುತಿಸಿ ಎರಡನೆಯದಕ್ಕೆ ತಿದ್ದಿಬಿಡುವುದುಂಟು. 'ಎಲ್ಲವನ್ನೂ ಬದಲಿಸು' ಬಟನ್ ಒತ್ತಿದರೆ ನೈಜರ್‌ನ ಅಗಾಡೆಜ್ ಪಟ್ಟಣದ ಜನರೆಲ್ಲ ನೈಜೀರಿಯಾದವರಾಗಿಬಿಡುತ್ತಾರೆ. ಎರಡು ಕಾಂಗೊ, ಮೂರು ಗಿನಿ ಇರುವ ಖಂಡ ಇದು. ಒಂದೊಂದನ್ನೂ ಕೈಯಾರೆ ನೋಡಬೇಕು. ಸ್ವಾಜಿಲ್ಯಾಂಡ್ 2018ರಿಂದ ಎಸ್ವಾಟಿನಿ. ಹಳೆಯ ಕೋಷ್ಟಕದಲ್ಲಿ ಹಳೆ ಹೆಸರು, ಹೊಸದರಲ್ಲಿ ಹೊಸ ಹೆಸರು ಇದ್ದರೆ ಸಾಫ್ಟ್‌ವೇರ್ ಎರಡು ದೇಶ ಅಂತಲೇ ಎಣಿಸುತ್ತದೆ.

## ಹಂತ 5: ಅಂಕಿಗಳ ಖಾತೆ

ಹೆಚ್ಚು ಸಮಯ ಇಲ್ಲಿಗೇ ಇಡಿ. ವರದಿಯಲ್ಲಿರುವ ಪ್ರತಿ ಅಂಕಿಯನ್ನೂ ಸ್ಪ್ರೆಡ್‌ಶೀಟಿಗೆ ಇಳಿಸಿ. ಪುಟ, ಅಂಕಿ, ಏನನ್ನು ಎಣಿಸಿದ್ದು, ಯಾವ ತಾರೀಖಿಗೆ, ಯಾರು ಎಣಿಸಿದ್ದು, ಮೂಲ ಕಡತ ಎಲ್ಲಿದೆ, ನೋಡಿ ಒಪ್ಪಿದವರು ಯಾರು. ಏಳು ಕಾಲಂ. ಒಂದೇ ಒಂದು ಖಾಲಿ ಇದ್ದರೂ ಆ ಅಂಕಿ ಅಚ್ಚಿಗೆ ಹೋಗಬಾರದು.

5.1 ಇರುವವರ ಲೆಕ್ಕ, ಹೋದವರ ಲೆಕ್ಕ. ಒಂದು ದಿನಕ್ಕೆ ಒಂದು ದೇಶದಲ್ಲಿ ಎಷ್ಟು ವಲಸಿಗರಿದ್ದಾರೆ ಎಂಬುದು ಒಂದು ಲೆಕ್ಕ. ಒಂದು ವರ್ಷದಲ್ಲಿ ಎಷ್ಟು ಜನ ಬಂದರು ಎಂಬುದು ಬೇರೆ ಲೆಕ್ಕ. ವಿಶ್ವಸಂಸ್ಥೆಯ 2020ರ ಅಂದಾಜಿನಲ್ಲಿ ಸುಮಾರು 2.1 ಕೋಟಿ ಆಫ್ರಿಕನ್ನರು ಇನ್ನೊಂದು ಆಫ್ರಿಕನ್ ದೇಶದಲ್ಲಿದ್ದರು. ಖಂಡದ ಹೊರಗೆ ಇದ್ದವರು ಸುಮಾರು 1.95 ಕೋಟಿ. ಎರಡೂ ಇರುವವರ ಲೆಕ್ಕ. ಕರಡಿನಲ್ಲಿ 'ಪ್ರತಿ ವರ್ಷ 2.1 ಕೋಟಿ ಜನ ವಲಸೆ ಹೋಗುತ್ತಾರೆ' ಅಂತ ಕಂಡರೆ ಲೇಖಕರು ಎರಡನ್ನೂ ಕಲಸಿದ್ದಾರೆ.

ಈ ಮೊತ್ತ ಇಡೀ ಖಂಡದ್ದು ಎಂಬುದನ್ನೂ ಮರೆಯಬೇಡಿ. ಉತ್ತರ ಆಫ್ರಿಕಾದವರು ಹೆಚ್ಚಾಗಿ ಯುರೋಪು, ಕೊಲ್ಲಿ ದೇಶಗಳ ಕಡೆ ಹೋಗುತ್ತಾರೆ. ಪಶ್ಚಿಮ ಆಫ್ರಿಕಾದ ಚಿತ್ರ ಅದಕ್ಕಿಂತ ಪೂರ್ತಿ ಬೇರೆ. ಸರಾಸರಿ ಒಂದನ್ನೇ ಕೊಟ್ಟರೆ ಎರಡೂ ಕಡೆಯ ನಿಜ ಮುಚ್ಚಿಹೋಗುತ್ತದೆ.

5.2 ತಲೆ ಎಣಿಸಿದ್ದೋ, ದಾಟಿದ ಸಲ ಎಣಿಸಿದ್ದೋ. ಅಂತಾರಾಷ್ಟ್ರೀಯ ವಲಸೆ ಸಂಸ್ಥೆ ನೈಜರ್‌ನಂಥ ದೇಶಗಳಲ್ಲಿ ದಾರಿಯ ಕೆಲವು ಜಾಗಗಳಲ್ಲಿ ನಿಂತು ಓಡಾಟ ಎಣಿಸುತ್ತದೆ. ಅಲ್ಲಿ ಸಿಗುವುದು ಓಡಾಟದ ಸಂಖ್ಯೆ. ಒಬ್ಬನೇ ಡ್ರೈವರ್ ಹತ್ತು ಸಲ ದಾಟಿದರೆ ಹತ್ತು. ಇದನ್ನು 'ಇಷ್ಟು ಜನ' ಅಂತ ಬರೆಯುವಂತಿಲ್ಲ.

5.3 ಜನ ಕದಲದೆ ಅಂಕಿ ಕದಲಿದ್ದು. 2011ರ ಜುಲೈ 9ರಂದು ದಕ್ಷಿಣ ಸುಡಾನ್ ಹೊಸ ದೇಶವಾಯಿತು. ಅಲ್ಲಿ ಹುಟ್ಟಿ ಖಾರ್ಟೂಮಿನಲ್ಲಿ ವರ್ಷಗಳಿಂದ ಇದ್ದವರು ಒಂದು ಹೆಜ್ಜೆಯೂ ಇಡದೆ ಅಂತಾರಾಷ್ಟ್ರೀಯ ವಲಸಿಗರಾದರು. ಗ್ರಾಫಿನಲ್ಲಿ ಆ ವರ್ಷದ ಏರಿಕೆಗೆ ಲೇಖಕರು ಬರ, ಜಗಳ ಅಂತ ಕಾರಣ ಕೊಟ್ಟಿದ್ದರೆ ನಿಲ್ಲಿಸಿ ಕೇಳಿ. ಉಗಾಂಡಾದಲ್ಲಿ 2018ರಲ್ಲಿ ಬೆರಳಚ್ಚು, ಕಣ್ಣಿನ ಗುರುತು ತೆಗೆದು ನಿರಾಶ್ರಿತರ ಪಟ್ಟಿಯನ್ನು ಹೊಸದಾಗಿ ಪರಿಶೀಲಿಸಿದಾಗ ಸುಮಾರು 14 ಲಕ್ಷ ಇದ್ದ ಸಂಖ್ಯೆ ಸುಮಾರು 11 ಲಕ್ಷಕ್ಕೆ ಇಳಿಯಿತು. ಮೂರು ಲಕ್ಷ ಜನ ಮನೆಗೆ ಹೋದರು ಅಂತ ಅದರ ಅರ್ಥವಲ್ಲ.

ದಕ್ಷಿಣ ಆಫ್ರಿಕಾದ್ದೂ ಇಂಥದೇ ವಿಚಾರ. 2020ಕ್ಕೆ ವಿಶ್ವಸಂಸ್ಥೆಯ ಅಂದಾಜು ಸುಮಾರು 29 ಲಕ್ಷ ವಲಸಿಗರು. ಆ ದೇಶದ 2022ರ ಜನಗಣತಿಯಲ್ಲಿ ಸಿಕ್ಕಿದ್ದು ಸುಮಾರು 24 ಲಕ್ಷ. ಎರಡನ್ನೂ ಒಂದೇ ಗೆರೆಯಲ್ಲಿ ಜೋಡಿಸಿ ಐದು ಲಕ್ಷ ಇಳಿಕೆ ಅಂತ ತೋರಿಸಿದರೆ ಅದು ಸುಳ್ಳು ಗ್ರಾಫ್. ಲೆಕ್ಕ ಹಾಕಿದವರೂ ಬೇರೆ, ವಿಧಾನವೂ ಬೇರೆ. ವಲಸಿಗರ ಸಂಖ್ಯೆ ಬೀದಿ ಜಗಳಕ್ಕೆ ಕಾರಣವಾಗುವ ದೇಶ ಅದು. 2008ರ ಮೇ ತಿಂಗಳಲ್ಲಿ ಹೊರದೇಶದವರ ಮೇಲೆ ನಡೆದ ದಾಳಿಗಳಲ್ಲಿ ಹತ್ತಾರು ಜನ ಸತ್ತರು. ಅಂಥ ಕಡೆ ನಿಮ್ಮ ಒಂದು ಗ್ರಾಫ್ ಎಲ್ಲಿಗೆ ಹೋಗಿ ಮುಟ್ಟುತ್ತದೋ ಹೇಳಲಾಗದು. ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ.

5.4 ಹಳೆಯ ಜನಗಣತಿ. ಶೇಕಡಾವಾರು ಕಂಡಲ್ಲೆಲ್ಲ, ಭಾಗಿಸಲು ಬಳಸಿದ ಒಟ್ಟು ಜನಸಂಖ್ಯೆ ಯಾವ ವರ್ಷದ್ದು ಅಂತ ಕೇಳಿ. ಕಾಂಗೊ ಪ್ರಜಾಸತ್ತಾತ್ಮಕ ಗಣರಾಜ್ಯದಲ್ಲಿ ಪೂರ್ಣ ಜನಗಣತಿ ನಡೆದದ್ದು 1984ರಲ್ಲಿ. ನೈಜೀರಿಯಾದಲ್ಲಿ 2006, ಇಥಿಯೋಪಿಯಾದಲ್ಲಿ 2007. ಆಮೇಲಿನದೆಲ್ಲ ಅಂದಾಜು. ಅಂದಾಜು ಬಳಸುವುದು ತಪ್ಪಲ್ಲ. ಆದರೆ ಅದರ ಮೇಲೆ ದಶಮಾಂಶದ ನಂತರ ಎರಡು ಅಂಕಿ ಬರೆಯುವುದು ತಪ್ಪು.

5.5 ಅಲ್ಪವಿರಾಮ, ಚುಕ್ಕಿ, ಕ್ಯಾಲೆಂಡರ್. ಫ್ರೆಂಚ್, ಪೋರ್ಚುಗೀಸ್ ಬಳಸುವ ತಂಡಗಳು ದಶಮಾಂಶಕ್ಕೆ ಅಲ್ಪವಿರಾಮ ಹಾಕುತ್ತವೆ. ಡಾಕರ್‌ನಿಂದ ಬಂದ ಕೋಷ್ಟಕದ 3,250 ಅಂದರೆ ಮೂರು ದಶಮಾಂಶ ಎರಡು ಐದು. ನಿಮ್ಮ ಕಂಪ್ಯೂಟರಿನಲ್ಲಿ ತೆರೆದರೆ ಅದು ಮೂರು ಸಾವಿರದ ಇನ್ನೂರೈವತ್ತು ಆಗಿ ಕೂರುತ್ತದೆ. ಎಚ್ಚರಿಕೆಯ ಗಂಟೆಯೂ ಬಾರಿಸುವುದಿಲ್ಲ. ಫ್ರೆಂಚಿನ 'ಮಿಲಿಯಾರ್' ಅಂದರೆ ನೂರು ಕೋಟಿ. ಅದನ್ನು ಮಿಲಿಯನ್ ಅಂತ ಅನುವಾದಿಸಿದರೆ ಊರಿಗೆ ಕಳಿಸಿದ ಹಣದ ಲೆಕ್ಕ ಸಾವಿರ ಪಟ್ಟು ಕುಸಿಯುತ್ತದೆ.

ಇಥಿಯೋಪಿಯಾದ ಕ್ಯಾಲೆಂಡರ್ ನಮ್ಮದಕ್ಕಿಂತ ಏಳೆಂಟು ವರ್ಷ ಹಿಂದೆ ಇದೆ. ಅಲ್ಲಿನ ಕಚೇರಿ ದಾಖಲೆಯ 2015 ಅಂದರೆ 2022ರ ಸೆಪ್ಟೆಂಬರಿನಿಂದ 2023ರ ಸೆಪ್ಟೆಂಬರ್‌ವರೆಗೆ. ಮೂಲ ದಾಖಲೆಯಿಂದ ನೇರ ಎತ್ತಿದ ವರ್ಷಗಳನ್ನು ಅಡಿಸ್ ಅಬಾಬಾದ ಸಹಲೇಖಕರ ಕೈಲೇ ಪರೀಕ್ಷೆ ಮಾಡಿಸಿ.

ಅಪಾಯದ ಗುರುತುಗಳು: ಎಲ್ಲ ಅಧ್ಯಾಯಗಳಲ್ಲೂ ಒಂದೇ ಅಂಕಿ, ಆದರೆ ಮೂಲ ಬೇರೆಬೇರೆ. ತಾರೀಖಿಲ್ಲದ 'ಇತ್ತೀಚಿನ ವರದಿಗಳ ಪ್ರಕಾರ'. ಕಾಗದಪತ್ರ ಇಲ್ಲದೆ ಗಡಿ ದಾಟಿದವರ ನಿಖರ ಸಂಖ್ಯೆ. ಯಾರ ದಾಖಲೆಗೂ ಸಿಗದವರನ್ನು ಕೊನೆಯ ಅಂಕಿಯವರೆಗೆ ಎಣಿಸಿದ್ದು ಹೇಗೆ ಅಂತ ಕೇಳಲೇಬೇಕು.

## ಹಂತ 6: ಕಾನೂನಿನ ಸಾಲುಗಳನ್ನು ಬಿಡಿಬಿಡಿಯಾಗಿ ನೋಡಿ

ಒಪ್ಪಂದಕ್ಕೆ ನಾಲ್ಕು ಸ್ಥಿತಿ ಇದೆ: ಸಭೆ ಅಂಗೀಕರಿಸಿದ್ದು, ದೇಶ ಸಹಿ ಹಾಕಿದ್ದು, ದೇಶ ಅನುಮೋದಿಸಿದ್ದು, ಜಾರಿಗೆ ಬಂದದ್ದು. ಕರಡುಗಳಲ್ಲಿ ನಾಲ್ಕನ್ನೂ ಒಂದೇ ಉಸಿರಿನಲ್ಲಿ ಹೇಳಿರುತ್ತಾರೆ. ದೇಶದೊಳಗೇ ಮನೆ ಬಿಟ್ಟವರ ರಕ್ಷಣೆಯ ಕಂಪಾಲಾ ಒಪ್ಪಂದವನ್ನು ಅಂಗೀಕರಿಸಿದ್ದು 2009ರಲ್ಲಿ, ಅದು ಜಾರಿಗೆ ಬಂದದ್ದು 2012ರ ಡಿಸೆಂಬರಿನಲ್ಲಿ. ಖಂಡದೊಳಗೆ ಮುಕ್ತವಾಗಿ ಓಡಾಡುವ ಯೂನಿಯನ್ ಒಡಂಬಡಿಕೆಯನ್ನು 2018ರಲ್ಲಿ ಅಂಗೀಕರಿಸಿದರು. ಜಾರಿಯಾಗಲು 15 ದೇಶಗಳ ಅನುಮೋದನೆ ಬೇಕು. ವರ್ಷಗಟ್ಟಲೆ ಅದು ನಾಲ್ಕಕ್ಕೇ ನಿಂತಿತ್ತು: ರುವಾಂಡಾ, ನೈಜರ್, ಮಾಲಿ, ಸಾವೊ ಟೋಮೆ ಮತ್ತು ಪ್ರಿನ್ಸಿಪೆ. 'ಆಫ್ರಿಕನ್ನರು ಖಂಡದೊಳಗೆ ಮುಕ್ತವಾಗಿ ಓಡಾಡಬಹುದು' ಎಂಬ ವಾಕ್ಯ ಕಂಡರೆ ಕೆಂಪು ಗೆರೆ ಎಳೆಯಿರಿ.

ಪಶ್ಚಿಮ ಆಫ್ರಿಕಾದ ಇಕೋವಾಸ್ ಕೂಟದ ಒಪ್ಪಂದ 1979ರದು. ಸದಸ್ಯ ದೇಶದವರು ವೀಸಾ ಇಲ್ಲದೆ 90 ದಿನ ಇರಬಹುದು. ಆದರೆ 2025ರ ಜನವರಿ 29ರಂದು ಮಾಲಿ, ಬುರ್ಕಿನಾ ಫಾಸೊ, ನೈಜರ್ ಕೂಟದಿಂದ ಹೊರಬಂದವು. ಅದಕ್ಕೂ ಮೊದಲು ಬರೆದ ಅಧ್ಯಾಯದಲ್ಲಿ 'ಇಕೋವಾಸ್‌ನ 15 ದೇಶಗಳು' ಅಂತಲೇ ಇರುತ್ತದೆ. ಸುಮ್ನೆ 12 ಅಂತ ಬದಲಿಸಿದರೆ ಆಗಲ್ಲ. ಮಾಹಿತಿ ಸಂಗ್ರಹಿಸಿದ ಕಾಲಕ್ಕೆ 15 ಸರಿ. 'ಆಗ 15, ಮೂರು ದೇಶ ಹೊರಬಂದದ್ದು 2025ರಲ್ಲಿ' ಅಂತ ಎರಡನ್ನೂ ಹೇಳಬೇಕು. ಹೊರಬಂದ ಮೇಲೆ ಆ ಮೂರು ದೇಶದವರ ಓಡಾಟ ಯಾವ ನಿಯಮದಲ್ಲಿ ನಡೆಯುತ್ತಿದೆ ಅಂತ ಲೇಖಕರಿಂದಲೇ ಬರೆಸಿ. ನೀವು ಊಹಿಸಿ ಬರೆಯಬೇಡಿ.

## ಹಂತ 7: ಮಾತಾಡಿದವರ ಜೀವಕ್ಕೆ ತೊಂದರೆಯಾಗದಂತೆ

ಹೆಸರು ಬದಲಿಸಿದರೆ ಮುಗಿಯಿತು ಅಂದುಕೊಂಡವರೇ ಹೆಚ್ಚು. ಊರು, ವಯಸ್ಸು, ಕೆಲಸ, ಬಂದ ವರ್ಷ ನಾಲ್ಕೂ ಇದ್ದರೆ ಅಗಾಡೆಜ್‌ನಂಥ ಊರಲ್ಲಿ ಅದು ಯಾರು ಅಂತ ಗೊತ್ತುಮಾಡಿಕೊಳ್ಳಲು ಹೆಚ್ಚು ಹೊತ್ತು ಬೇಡ. ನಾಲ್ಕರಲ್ಲಿ ಎರಡನ್ನಾದರೂ ಮಸುಕು ಮಾಡಿ. '34 ವರ್ಷ' ಬದಲು 'ಮೂವತ್ತರ ಆಸುಪಾಸು'. ಊರಿನ ಬದಲು ಪ್ರಾಂತ್ಯ.

ಕಾನೂನು ಬದಲಾಗುತ್ತದೆ ಎಂಬುದೂ ನೆನಪಿರಲಿ. ವಲಸಿಗರನ್ನು ಸಾಗಿಸುವುದರ ವಿರುದ್ಧ ನೈಜರ್ 2015ರಲ್ಲಿ ಕಾನೂನು ತಂದಿತು. ಎಷ್ಟೋ ಡ್ರೈವರ್‌ಗಳು ಜೈಲಿಗೆ ಹೋದರು, ಗಾಡಿಗಳು ಜಪ್ತಿಯಾದವು. 2023ರ ನವೆಂಬರಿನಲ್ಲಿ ಆ ಕಾನೂನನ್ನು ರದ್ದು ಮಾಡಿದರು. ಹೀಗೆ ಬಂದ ಕಾನೂನು ಹೋಗುತ್ತದೆ, ಹೋದದ್ದು ಮತ್ತೆ ಬರಬಹುದು. ಡ್ರೈವರ್ ಹೇಳಿದ ದಾರಿ, ಬಾವಿ, ತಂಗುವ ಮನೆಗಳ ವಿವರ ವರದಿಯ ವಾದಕ್ಕೆ ಬೇಕೇ ಬೇಕಾ? ಬೇಡವಾದರೆ ತೆಗೆಯಿರಿ. ಓದಲು ರಸವತ್ತಾಗಿದೆ ಎಂಬುದು ಉಳಿಸಲು ಸಾಕಾಗುವ ಕಾರಣವಲ್ಲ.

ಸುಳ್ಳು ಹೆಸರು ಇಡುವಾಗ ಆ ಸಮುದಾಯದ ಹೆಸರೇ ಇರಲಿ. ಟುವಾರೆಗ್ ಹೆಣ್ಣುಮಗಳಿಗೆ ಹೌಸಾ ಹೆಸರು ಇಟ್ಟರೆ ಆಕೆಯ ಸಮುದಾಯವನ್ನೇ ಬದಲಿಸಿದಂತೆ. ಸಮುದಾಯವನ್ನೇ ಮುಚ್ಚಿಡಬೇಕಿದ್ದರೆ ಹೆಸರು ಬೇಡ, 'ಒಬ್ಬ ಮಹಿಳೆ' ಸಾಕು.

ಉಲ್ಲೇಖಿಸಿದ ಮಾತುಗಳನ್ನು ನಯ ಮಾಡಬೇಡಿ. ಹೌಸಾದಿಂದ ಫ್ರೆಂಚಿಗೆ, ಫ್ರೆಂಚಿನಿಂದ ಇಂಗ್ಲಿಷಿಗೆ ಬಂದ ಮಾತು ಆಗಲೇ ಎರಡು ಕೈ ದಾಟಿದೆ. ಅರ್ಥ ಗೊಂದಲವಾದರೆ ದುಭಾಷಿಯನ್ನೇ ಕೇಳಿ, ರೆಕಾರ್ಡಿಂಗ್ ಮತ್ತೆ ಕೇಳಿಸಿ.

ಫೋಟೋ ಕಡತದೊಳಗೆ ಜಾಗದ ಗುರುತು ಅಡಗಿರುತ್ತದೆ. ತೆಗೆದುಹಾಕಿ. ಟ್ರ್ಯಾಕ್ ಚೇಂಜಸ್ ಇರುವ ಕಡತದಲ್ಲಿ ನೀವು ಅಳಿಸಿದ ನಿಜ ಹೆಸರು ಇನ್ನೂ ಕೂತಿರುತ್ತದೆ. ಕಾಮೆಂಟುಗಳಲ್ಲೂ ಇರುತ್ತದೆ. ಎಲ್ಲ ತಿದ್ದುಪಡಿ ಒಪ್ಪಿ, ಕಾಮೆಂಟು ಅಳಿಸಿ, ಪಠ್ಯವನ್ನು ಹೊಸ ಕಡತಕ್ಕೆ ಹಾಕಿದ ಮೇಲೆಯೇ ಪಿಡಿಎಫ್ ಮಾಡಿ.

## ಹಂತ 8: ಈಗ ಭಾಷೆ

ಇಲ್ಲಿಗೆ ಬರುವ ಹೊತ್ತಿಗೆ ಅರ್ಧ ಕೆಲಸ ತಾನಾಗಿಯೇ ಮುಗಿದಿರುತ್ತದೆ. ಗೊಂದಲದ ವಾಕ್ಯಗಳಲ್ಲಿ ಹೆಚ್ಚಿನವು ಗೊಂದಲದ ಲೆಕ್ಕದಿಂದಲೇ ಹುಟ್ಟಿದವು.

ನೀರಿನ ಪದಗಳನ್ನು ಹುಡುಕಿ: ಪ್ರವಾಹ, ಅಲೆ, ಮಹಾಪೂರ. ಜನರನ್ನು ಅನಾಹುತದಂತೆ ತೋರಿಸುವ ಪದಗಳಿವು. 'ಅಕ್ರಮ ವಲಸಿಗರು' ಬದಲು 'ದಾಖಲೆ ಇಲ್ಲದ ವಲಸಿಗರು' ಅಥವಾ 'ಪರವಾನಗಿ ಮುಗಿದವರು' ಅಂತ ಏನಾಗಿದೆಯೋ ಅದನ್ನೇ ಹೇಳಿ. ಗಡಿಯುದ್ದಕ್ಕೂ ಒಂದೇ ಭಾಷೆ, ಒಂದೇ ನೆಂಟಸ್ತಿಕೆ ಇರುವ ಕಡೆ ಗೆರೆ ದಾಟಿದವರನ್ನೆಲ್ಲ ಅಪರಾಧಿಗಳಂತೆ ಕಾಣಿಸುವುದು ವರದಿಗೂ ಶೋಭೆಯಲ್ಲ.

ಇನ್ನೊಂದು ಓರೆ ಇದೆ, ಬೇಗ ಕಣ್ಣಿಗೆ ಬೀಳುವುದಿಲ್ಲ. ಆಫ್ರಿಕಾದೊಳಗಿನ ವಲಸೆಯ ವರದಿಯಲ್ಲೂ ಮೆಡಿಟರೇನಿಯನ್ ಸಮುದ್ರ ಮೊದಲ ಪುಟಕ್ಕೆ ಬಂದು ಕೂರುತ್ತದೆ. ನೈಜರ್, ಮಾಲಿಯ ಊರುಗಳೆಲ್ಲ ಯುರೋಪಿಗೆ ಹೋಗುವ 'ದಾರಿ ನಡುವಿನ' ಊರುಗಳಾಗುತ್ತವೆ. ಲೆಸೊಥೊದಿಂದ ಜೋಹಾನ್ಸ್‌ಬರ್ಗ್ ಸುತ್ತಲಿನ ಚಿನ್ನದ ಗಣಿಗಳಿಗೆ ತಲೆಮಾರುಗಳಿಂದ ಹೋದವರಿಗೂ, ಐವರಿ ಕೋಸ್ಟಿನ ಅಬಿಜಾನ್‌ನಲ್ಲಿ ಅಂಗಡಿ ಇಟ್ಟವರಿಗೂ ಯುರೋಪ್ ಲೆಕ್ಕದಲ್ಲೇ ಇಲ್ಲ. ಮುನ್ನುಡಿಯ ಮೊದಲ ಎರಡು ಪುಟದಲ್ಲಿ ಯುರೋಪ್ ಎಷ್ಟು ಸಲ ಬಂದಿದೆ ಎಣಿಸಿ. ಅಗತ್ಯ ಇಲ್ಲದ ಕಡೆ ತೆಗೆಸಿ. ನಕ್ಷೆಯ ಬಾಣಗಳನ್ನೂ ನೋಡಿ. ಉತ್ತರದ ಬಾಣ ದಪ್ಪಗೆ, ಒಳಗಿನವು ತೆಳ್ಳಗೆ ಇದ್ದರೆ ಅಂಕಿಗಳ ಖಾತೆಯ ಜೊತೆ ತಾಳೆ ಹಾಕಿ.

ಲೇಖಕರಿಗೆ ಕಾಮೆಂಟು ಬರೆಯುವಾಗ ಆಜ್ಞೆ ಮಾಡಬೇಡಿ, ಪ್ರಶ್ನೆ ಕೇಳಿ. 'ಇದು ತಪ್ಪು' ಬದಲು 'ಇದು ಹುಟ್ಟಿದ ದೇಶದ ಲೆಕ್ಕವೇ?' ಆ ಊರು ಅವರಿಗೆ ಗೊತ್ತು, ನಿಮಗಲ್ಲ.

## ಹಂತ 9: ಉಲ್ಲೇಖಗಳು ಮತ್ತು ಲೇಖಕರ ಹೆಸರು

ನಮ್ಮಲ್ಲಿ ಅಡ್ಡಹೆಸರಿಲ್ಲದೆ ಇನಿಶಿಯಲ್ ಇರುವವರ ಹೆಸರನ್ನು ಉಲ್ಲೇಖ ತಂತ್ರಾಂಶಗಳು ಹೇಗೆ ಕೆಡಿಸುತ್ತವೆ ಅಂತ ನಿಮಗೇ ಗೊತ್ತು. ಇಥಿಯೋಪಿಯಾ, ಎರಿಟ್ರಿಯಾ, ಸೋಮಾಲಿಯಾದವರಿಗೂ ಅದೇ ಪಾಡು. ಅಲ್ಲಿ ಎರಡನೇ ಹೆಸರು ತಂದೆಯದು, ಮನೆತನದ್ದಲ್ಲ. ಅದನ್ನೇ ಮುಂದಿಟ್ಟರೆ ನೀವು ಉಲ್ಲೇಖಿಸಿದ್ದು ಲೇಖಕಿಯ ತಂದೆಯನ್ನು. ಫ್ರೆಂಚ್ ಬಳಸುವ ದೇಶಗಳಲ್ಲಿ ಮನೆತನದ ಹೆಸರನ್ನು ಮೊದಲು, ಅದೂ ದೊಡ್ಡಕ್ಷರದಲ್ಲಿ ಬರೆಯುವ ರೂಢಿ ಇದೆ. ಯಾವುದು ಯಾವುದು ಅಂತ ಊಹಿಸದೆ, ಅವರು ತಮ್ಮ ಪ್ರಬಂಧಗಳಲ್ಲಿ ಹೇಗೆ ಬರೆದುಕೊಂಡಿದ್ದಾರೆ ನೋಡಿ.

ಪ್ರತಿ ಉಲ್ಲೇಖವನ್ನೂ ತೆರೆದು ನೋಡಬೇಕು. ಎಐ ಸಾಧನಗಳು ಇಲ್ಲದ ಪ್ರಬಂಧಕ್ಕೂ ನಂಬುವಂಥ ಶೀರ್ಷಿಕೆ ಕಟ್ಟಿಕೊಡುತ್ತವೆ. ಮೂಲ ಸಿಗದಿದ್ದರೆ ಅದನ್ನು ಆಧರಿಸಿದ ವಾಕ್ಯವೂ ಹೋಗಲಿ.

## ಹಂತ 10: ಸಾರಾಂಶ ಮತ್ತು ಸಹಿ

ಸಾರಾಂಶವನ್ನು ಕೊನೆಗೆ ಮುಟ್ಟಿ. ಮಂತ್ರಿಗಳು, ಪತ್ರಕರ್ತರು ಓದುವುದು ಆ ಎರಡು ಪುಟ ಮಾತ್ರ. ಅದರ ಪ್ರತಿ ವಾಕ್ಯದ ಮುಂದೆ ಒಳಗಿನ ಪುಟದ ಸಂಖ್ಯೆ ಪೆನ್ಸಿಲ್‌ನಲ್ಲಿ ಬರೆಯಿರಿ. ಪುಟ ಸಿಗದ ವಾಕ್ಯ ಸಾರಾಂಶದಲ್ಲಿ ಇರಬಾರದು. ಒಳಗೆ 'ಇರಬಹುದು' ಅಂತ ಇದ್ದದ್ದು ಸಾರಾಂಶದಲ್ಲಿ 'ಇದೆ' ಆಗಿದೆಯಾ ನೋಡಿ. ಈ ಜಾರುವಿಕೆ ಬಹಳ ಸಾಮಾನ್ಯ.

ಸಾರಾಂಶದ ಅನುವಾದಗಳೂ ಇದೇ ಹೊತ್ತಿಗೆ ಬರಲಿ. ಫ್ರೆಂಚ್, ಪೋರ್ಚುಗೀಸ್, ಅರೇಬಿಕ್, ಸ್ವಾಹಿಲಿ, ವರದಿ ಯಾರ ಬಗ್ಗೆಯೋ ಅದರ ಪ್ರಕಾರ. ಇಂಗ್ಲಿಷಿನಲ್ಲಿ ತಿದ್ದಿದ ಅಂಕಿ ಫ್ರೆಂಚಿನಲ್ಲಿ ಹಳೆಯದೇ ಉಳಿಯುವುದು ಹೆಚ್ಚು. ಖಾತೆ ಪಕ್ಕದಲ್ಲಿಟ್ಟುಕೊಂಡು ಅಂಕಿಗಳನ್ನಷ್ಟೇ ಮತ್ತೊಮ್ಮೆ ಓದಿ. ಭಾಷೆ ಬರದಿದ್ದರೂ ಅಂಕಿ ಓದಲು ಬರುತ್ತದೆ.

ಕೊನೆಗೆ ಪ್ರತಿ ಅಧ್ಯಾಯದ ಲೇಖಕರಿಂದ 'ನನ್ನ ಅಧ್ಯಾಯದ ಈ ರೂಪಕ್ಕೆ ಒಪ್ಪಿಗೆ ಇದೆ' ಅಂತ ಬರಹದಲ್ಲಿ ಪಡೆಯಿರಿ. ಮೌನವನ್ನು ಒಪ್ಪಿಗೆ ಅಂತ ಎಣಿಸಬೇಡಿ. ಯುದ್ಧದ ಊರಿಂದ ಜಾಗ ಬಿಟ್ಟ ಸಹಲೇಖಕರಿಗೆ ವಾರಗಟ್ಟಲೆ ಇಂಟರ್ನೆಟ್ ಸಿಗದಿರಬಹುದು. ಅವರಿಗೆ ಹೆಚ್ಚು ಸಮಯ ಕೊಡಿ, ಫೋನ್ ಮಾಡಿ, ಬೇಕಾದರೆ ಅಧ್ಯಾಯವನ್ನು ಓದಿ ಹೇಳಿ. ಅಂಕಿಗಳ ಖಾತೆಯನ್ನು ವರದಿಯ ಜೊತೆಗೇ ಜೋಪಾನವಾಗಿ ಇಡಿ. ವರದಿ ಹೊರಬಂದ ಮೇಲೆ ಯಾರಾದರೂ ತಪ್ಪು ತೋರಿಸಿದರೆ ಮೊದಲು ಅದನ್ನೇ ತೆರೆದು ನೋಡಬೇಕಾಗುತ್ತದೆ. ತಿದ್ದಿದ್ದನ್ನು ತಾರೀಖು ಹಾಕಿ ಎಲ್ಲ ಭಾಷೆಯ ಪ್ರತಿಗಳಲ್ಲೂ ಒಂದೇ ದಿನ ಬದಲಿಸಿ.